ದೂರದೇಶದ ರುಜು

ಊರಿನಲ್ಲಿರುವವನ ಮಾತಿಗೆ ಅವನ ಮುಖವೇ ಸಾಕ್ಷಿ. ಅವನು ಇಂಥವರ ಮಗ, ಇಂಥ ಬೀದಿಯವನು ಎಂದು ಹೇಳಲು ನೆರೆಹೊರೆಯಲ್ಲಿ ನಾಲ್ಕು ಜನ ಇರುತ್ತಾರೆ. ಅವನ ರುಜುವಿನ ಬಗ್ಗೆ ಸಂಶಯ ಬಂದರೆ ಅವನನ್ನೇ ಕರೆಸಿ ಕೇಳಬಹುದು. ಕಡಲು ದಾಟಿ ಹೋದವನಿಗೆ ಈ ಸೌಕರ್ಯವಿಲ್ಲ. ಅವನ ಮುಖ ಇಲ್ಲಿಲ್ಲ. ಅವನನ್ನು ಬಲ್ಲವರು ಅಲ್ಲಿಲ್ಲ. ಎರಡು ನೆಲಗಳ ನಡುವೆ ಅವನ ಪರವಾಗಿ ಓಡಾಡಬಲ್ಲದ್ದು ಒಂದು ಕಾಗದ ಮಾತ್ರ. ನಮ್ಮ ಭಾಷೆಯಲ್ಲಿ 'ಪರದೇಶಿ' ಎಂಬ ಮಾತಿಗೆ ಅನ್ಯದೇಶದವನು ಎಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಬಂದು ಸೇರಿದ್ದು ಸುಮ್ಮನೆ ಅಲ್ಲ. 'ಇವನು ಇಂಥವನು' ಎಂದು ಹೇಳುವವರೇ ಇಲ್ಲದ ಸ್ಥಿತಿಗಿಂತ ದೊಡ್ಡ ಅನಾಥತೆ ಯಾವುದು?

ಇಂದು ನಮ್ಮ ನಗರಗಳ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿರುವುದು ಅಪೂರ್ವ ಸಂಗತಿಯೇನಲ್ಲ. ತಂದೆ ತೀರಿಕೊಂಡ ಮೇಲೆ ಮನೆಯ ವಿಭಾಗಪತ್ರವಾಗಬೇಕು. ಅಮೆರಿಕದಲ್ಲಿರುವ ಮಗನ ರುಜು ಬೇಕು. ಕೊಲ್ಲಿಯ ದೇಶದಲ್ಲಿ ಕೆಲಸ ಸಿಕ್ಕಿದೆ; ಮಂಗಳೂರಿನ ಹುಡುಗನ ಪದವಿಪತ್ರ ನಿಜವೆಂದು ಅಲ್ಲಿಯವರಿಗೆ ತಿಳಿಯಬೇಕು. ಮಗಳ ಮನೆಗೆಂದು ಹೋಗಿ ಅಲ್ಲಿಯೇ ನಿಂತ ನಿವೃತ್ತ ಮೇಷ್ಟರು ತಾವು ಇನ್ನೂ ಬದುಕಿದ್ದೇವೆ ಎಂಬುದಕ್ಕೆ ವರ್ಷಕ್ಕೊಮ್ಮೆ ಸಾಕ್ಷಿ ಒದಗಿಸಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಇಂಥ ಪ್ರಸಂಗಗಳಲ್ಲಿ ನೋಟರಿ, ಕಾನ್ಸಲ್, ಅಪೊಸ್ಟೀಲ್ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಕಾಗದದ ಮೇಲೆ ಮೊಹರಿನ ಮೇಲೆ ಮೊಹರು ಬೀಳುತ್ತದೆ. ಇದೆಲ್ಲ ಕಚೇರಿಯವರು ಕಟ್ಟಿದ ಕಾಟ ಎಂದು ಬೇಸರಪಡುವುದು ಸಹಜ. ಆದರೆ ಈ ಮೊಹರುಗಳಿಗೂ ಒಂದು ಚರಿತ್ರೆಯುಂಟು. ಗೈರುಹಾಜರಾದ ಮನುಷ್ಯನನ್ನು ನಂಬುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ನಾನಾ ದೇಶದವರು ಕೊಟ್ಟ ಉತ್ತರಗಳ ಚರಿತ್ರೆ ಅದು.

ನಾವು ದಿನವೂ ಬಳಸುವ ಮಾತುಗಳಲ್ಲಿಯೇ ಅದರ ಗುರುತುಗಳಿವೆ. 'ಸಹಿ' ಎಂಬುದು ಅರಬ್ಬಿಯಿಂದ ಬಂದದ್ದು. ಸರಿಯಾದದ್ದು, ದೋಷವಿಲ್ಲದ್ದು ಎಂದು ಅದರ ಮೂಲಾರ್ಥ. 'ದಸ್ಕತ್ತು' ಪಾರಸಿಯ ಮಾತು, ಕೈಬರಹವೆಂದು ಅರ್ಥ. 'ಮೊಹರು' ಕೂಡ ಪಾರಸಿಯದೇ. ಅಚ್ಚ ಕನ್ನಡದ 'ಒಪ್ಪ'ದಲ್ಲಿ ಒಪ್ಪಿಗೆಯೂ ಇದೆ, ಅಂದವೂ ಇದೆ. ಬರೆದದ್ದು ಸರಿ ಎನ್ನುವುದು ಒಂದು, ಬರೆದ ಕೈ ಇವನದೇ ಎನ್ನುವುದು ಇನ್ನೊಂದು, ಬರೆದದ್ದಕ್ಕೆ ಇವನು ಒಪ್ಪಿದ್ದಾನೆ ಎನ್ನುವುದು ಮತ್ತೊಂದು. ಈ ಮೂರನ್ನು ನಾವು ಒಂದೇ ರುಜುವಿನಲ್ಲಿ ಸೇರಿಸಿಬಿಟ್ಟಿದ್ದೇವೆ. ಕಾನೂನಿನವರು ಮಾತ್ರ ಅವನ್ನು ಬೇರೆಬೇರೆಯಾಗಿಯೇ ನೋಡುತ್ತಾರೆ. ಮುಂದೆ ಹೇಳುವ ಕಥೆಗೆ ಈ ಭೇದವೇ ಆಧಾರ.

ಕಲ್ಯಾಣದ ವ್ಯಾಖ್ಯಾನಕಾರ

ದಸ್ತಾವೇಜನ್ನು ನಂಬುವ ಬಗೆಯನ್ನು ಕುರಿತು ನಮ್ಮ ಧರ್ಮಶಾಸ್ತ್ರಕಾರರು ಸಾಕಷ್ಟು ಯೋಚಿಸಿದ್ದರು. ವಿಷ್ಣುಸ್ಮೃತಿ ಪತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ರಾಜಸಾಕ್ಷಿಕ, ಸಸಾಕ್ಷಿಕ, ಅಸಾಕ್ಷಿಕ. ಅರಸನ ಅಧಿಕರಣದಲ್ಲಿ, ಅವನು ನೇಮಿಸಿದ ಬರಹಗಾರನಿಂದ ಬರೆಯಿಸಿ, ಅಲ್ಲಿಯ ಅಧ್ಯಕ್ಷನ ಕೈಗುರುತು ಹಾಕಿಸಿಕೊಂಡದ್ದು ಮೊದಲನೆಯದು. ಸಾಕ್ಷಿಗಳ ಕೈಗುರುತು ಇರುವುದು ಎರಡನೆಯದು. ತಾನೇ ತನ್ನ ಕೈಯಿಂದ ಬರೆದುಕೊಟ್ಟದ್ದು ಮೂರನೆಯದು. ಇಂದು ನೋಟರಿಯ ಮುಂದೆ ಆದ ಪತ್ರ, ಇಬ್ಬರು ಸಾಕ್ಷಿಗಳು ರುಜು ಮಾಡಿದ ಪತ್ರ, ಬರಿಯ ಕೈಬರಹದ ಚೀಟಿ ಎಂದು ನಾವು ಮಾಡುವ ವ್ಯತ್ಯಾಸ ಇದಕ್ಕಿಂತ ಬಹಳ ದೂರ ಹೋಗಿಲ್ಲ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯಕ್ಕೇ ಒಂದು ಪ್ರಕರಣವಿದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ ಇರಬೇಕು. ಹೆಸರು, ಗೋತ್ರ, ತಂದೆಯ ಹೆಸರು ಇರಬೇಕು. ಸಾಲ ಪಡೆದವನು 'ಮೇಲೆ ಬರೆದದ್ದು ಇಂಥವನ ಮಗನಾದ ನನಗೆ ಸಮ್ಮತ' ಎಂಬರ್ಥದ ಮಾತನ್ನು ತನ್ನ ಕೈಯಿಂದಲೇ ಬರೆಯಬೇಕು. ಸಾಕ್ಷಿಗಳೂ ತಮ್ಮ ತಂದೆಯ ಹೆಸರಿನೊಂದಿಗೆ ತಮ್ಮ ಹೆಸರನ್ನು ಬರೆಯಬೇಕು. ಕೊನೆಗೆ ಬರಹಗಾರನು, ಉಭಯರ ಕೋರಿಕೆಯ ಮೇರೆಗೆ ತಾನು ಬರೆದೆನೆಂದು ನಮೂದಿಸಬೇಕು. ನಮ್ಮ ಹಳೆಯ ಕ್ರಯಪತ್ರಗಳ ಅಡಿಯಲ್ಲಿ 'ಬಿಕ್ಕಲಂ' ಎಂದು ಬರೆದವನ ಹೆಸರು ಕಾಣುತ್ತದೆಯಲ್ಲ, ಅದು ಈ ಪದ್ಧತಿಯ ಹಳೆಯ ನೆಂಟನೇ ಸರಿ.

ಇದೇ ಪ್ರಕರಣದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ವಿಧಿಯಿದೆ. ಪತ್ರ ಸುಟ್ಟುಹೋದರೆ, ಹರಿದುಹೋದರೆ, ಕಳವಾದರೆ, ಅಳಿಸಿಹೋದರೆ ಬೇರೊಂದನ್ನು ಬರೆಯಿಸಬೇಕು ಎಂದು ಹೇಳುವಾಗ, ಆ ಪಟ್ಟಿಯ ಮೊದಲಲ್ಲಿಯೇ ಸ್ಮೃತಿಕಾರನು ದೇಶಾಂತರದಲ್ಲಿ ಸಿಕ್ಕಿಕೊಂಡ ಪತ್ರವನ್ನು ಸೇರಿಸಿದ್ದಾನೆ. ಬೇರೆ ದೇಶದಲ್ಲಿರುವ ಪತ್ರವೂ ಸುಟ್ಟುಹೋದ ಪತ್ರವೂ ವ್ಯವಹಾರದ ಮಟ್ಟಿಗೆ ಹೆಚ್ಚು ಕಡಿಮೆ ಒಂದೇ ಎಂದು ಅವನ ಅಭಿಪ್ರಾಯವಿದ್ದಂತೆ ತೋರುತ್ತದೆ. ಈ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದವನು. ಮುಂದೆ ಇಂಗ್ಲಿಷರ ನ್ಯಾಯಾಲಯಗಳಲ್ಲಿಯೂ ಪ್ರಮಾಣವೆನಿಸಿದ ಆ ಗ್ರಂಥ ಇಂದಿನ ಬಸವಕಲ್ಯಾಣದ ನೆಲದಲ್ಲಿ ಹುಟ್ಟಿದ್ದು ನಮಗೆ ಹೆಮ್ಮೆಯ ಸಂಗತಿ.

ಅರಸರ ದಾನಪತ್ರಗಳಿಗೆ ಬೇರೆಯೇ ಏರ್ಪಾಡುಗಳಿದ್ದವು. ತಾಮ್ರದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ, ಬಳೆಯ ಸಂದಿಗೆ ಮುದ್ರೆ ಒತ್ತುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ, ಚಾಲುಕ್ಯರದರಲ್ಲಿ ವರಾಹ. ವಿಜಯನಗರದ ಅನೇಕ ತಾಮ್ರಶಾಸನಗಳಲ್ಲಿ ಮೈಬರಹವೆಲ್ಲ ನಂದಿನಾಗರಿಯಲ್ಲಿದ್ದರೂ, ಕೊನೆಯ ಒಪ್ಪ ಮಾತ್ರ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಅರಸನು ತನ್ನ ಹೆಸರನ್ನು ಹಾಕದೆ ದೇವರ ಹೆಸರನ್ನು ಹಾಕುತ್ತಿದ್ದನು. ಮೇಲಾಗಿ ಸೂರ್ಯಚಂದ್ರರೂ ಗಾಳಿ ಬೆಂಕಿಗಳೂ ಹಗಲಿರುಳುಗಳೂ ಮನುಷ್ಯನ ನಡತೆಯನ್ನು ಬಲ್ಲವೆಂಬ ಸಾಕ್ಷಿಶ್ಲೋಕವೊಂದು ಇಂಥ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನುಷ್ಯರ ಸಾಕ್ಷ್ಯ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮುಂದೆ ಆಕಾಶವನ್ನು ಕರೆಯಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಪ್ರಯೋಜನ ಮುಂದೆ ಬರುತ್ತದೆ.

ಮಂಗಳೂರಿನಲ್ಲಿ ಆದ ಒಂದು ಪತ್ರ

ವಿಕ್ರಮಾದಿತ್ಯನು ತೀರಿಕೊಂಡು ಕೆಲವೇ ವರ್ಷಗಳಾಗಿದ್ದವು. ಟ್ಯುನೀಸಿಯದ ಮೆಹದಿಯಾ ಪಟ್ಟಣದ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದನು. ಹದಿನೇಳು ವರ್ಷಗಳಷ್ಟು ಕಾಲ ಈ ಕರಾವಳಿಯಲ್ಲಿ ವ್ಯಾಪಾರ ಮಾಡಿದನು, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದನು. ಅವನಿಗೆ ಸಂಬಂಧಿಸಿದ ಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಆ ಜನ ಹಳೆಯ ಕಾಗದಗಳನ್ನೆಲ್ಲ ಅಲ್ಲಿ ಹಾಕುತ್ತಿದ್ದರು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಒಂದು ಗ್ರಂಥದಿಂದ ಬೆನ್ ಯಿಜುವಿನ ಕಥೆ ಸಾಮಾನ್ಯ ವಾಚಕರಿಗೂ ಪರಿಚಿತವಾಯಿತು.

ಆ ಪತ್ರಗಳಲ್ಲಿ ಒಂದು 1132ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿನಲ್ಲಿಯೇ ಆದದ್ದು. ಆಶು ಎಂಬ ಹೆಸರಿನ, ಈ ಸೀಮೆಯ ದಾಸಿಯೊಬ್ಬಳನ್ನು ಬೆನ್ ಯಿಜು ದಾಸ್ಯದಿಂದ ಬಿಡುಗಡೆ ಮಾಡಿದನೆಂಬ ವಿಮೋಚನಾಪತ್ರ ಅದು. ಆಮೇಲೆ ಅವಳೇ ಅವನ ಮಡದಿಯಾಗಿ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರ ಅಭಿಪ್ರಾಯ.

ಈ ಪತ್ರ ಯಾರಿಗಾಗಿ ಬರೆದದ್ದು ಎಂದು ಯೋಚಿಸಿ ನೋಡಬೇಕು. ಆಳುಪರ ಆಳಿಕೆಯ ಮಂಗಳೂರಿನಲ್ಲಿ ಯೆಹೂದಿ ಧರ್ಮಶಾಸ್ತ್ರದ ಪತ್ರವನ್ನು ಓದಿ ಬೆಲೆ ಕಟ್ಟುವವರು ಎಷ್ಟು ಜನ ಇದ್ದಿರಬಹುದು? ಅದರ ಬೆಲೆ ಇದ್ದದ್ದು ದೂರದ ಏಡನ್ನಿನಲ್ಲಿ, ಕೈರೋದಲ್ಲಿ. ಬೆನ್ ಯಿಜುವಿನ ಜನರೂ ಅವರ ಧರ್ಮಾಧಿಕಾರಿಗಳೂ ಇದ್ದ ಕಡೆಗಳಲ್ಲಿ. ಅವನು 1149ರಲ್ಲಿ ಮಕ್ಕಳೊಂದಿಗೆ ಏಡನ್ನಿಗೆ ಹೊರಟುಹೋದನು. ಅವನ ಮಗಳ ಮದುವೆ ಮುಂದೆ ಈಜಿಪ್ಟಿನಲ್ಲಿ ನಡೆಯಿತು. ತಾಯಿ ದಾಸಿಯೋ ಸ್ವತಂತ್ರಳೋ ಎಂಬುದರ ಮೇಲೆ ಮಕ್ಕಳ ಸ್ಥಾನಮಾನ ನಿಂತಿದ್ದ ಕಾಲ ಅದು. ಅರಬ್ಬೀ ಸಮುದ್ರದ ಆಚೆ, ಆಶುವಿನ ಮುಖವನ್ನು ಎಂದೂ ಕಾಣದ ಜನರ ಎದುರಿಗೆ, ಅವಳು ಯಾರ ದಾಸಿಯೂ ಅಲ್ಲವೆಂದು ಹೇಳಬಲ್ಲದ್ದು ಮಂಗಳೂರಿನಲ್ಲಿ ಬರೆದ ಆ ಒಂದು ಕಾಗದವೇ. ಪರದೇಶದಲ್ಲಿ ದಸ್ತಾವೇಜು ಮಾಡಿಸುವವನ ಕಷ್ಟ ಎಂಟುನೂರೈವತ್ತು ವರ್ಷಗಳಿಗೂ ಹಿಂದೆ ನಮ್ಮ ನೆಲದಲ್ಲಿಯೇ ಹೀಗೆ ಒಂದು ಮುಖವನ್ನು ಪಡೆದಿತ್ತು.

ನೋಟರಿಯ ವಂಶಾವಳಿ

ಬೆನ್ ಯಿಜು ತನ್ನ ಜನರ ನಂಬಿಕೆಯನ್ನು ಆಧರಿಸಿದ್ದನು. ಧರ್ಮ ಬೇರೆ, ದೇಶ ಬೇರೆ, ಅರಸ ಬೇರೆಯಾದ ಜನರ ನಡುವೆ ಪತ್ರ ಓಡಾಡಬೇಕಾದರೆ ಅಷ್ಟು ಸಾಲದು. ಅಲ್ಲಿಗೆ ನೋಟರಿ ಬರುತ್ತಾನೆ.

ಹೆಸರು ರೋಮಿನದು. ಲ್ಯಾಟಿನ್ನಿನ 'ನೊಟಾರಿಯಸ್' ಎಂದರೆ ಮೊದಲಿಗೆ ಶೀಘ್ರಲಿಪಿಕಾರ, ಗುರುತುಗಳಲ್ಲಿ ಬರೆದುಕೊಳ್ಳುವವನು. ಜನರಿಗೆ ದಸ್ತಾವೇಜು ಬರೆದುಕೊಡುತ್ತಿದ್ದವನಿಗೆ ಅಲ್ಲಿ 'ಟಬೆಲಿಯೋ' ಎಂದು ಬೇರೆ ಹೆಸರಿತ್ತು. ಜಸ್ಟಿನಿಯನ್ ಚಕ್ರವರ್ತಿ 537ರಲ್ಲಿ ಹೊರಡಿಸಿದ ಒಂದು ಶಾಸನ ಈ ಟಬೆಲಿಯೋಗಳನ್ನು ಕುರಿತದ್ದು. ಶಾಸನಕ್ಕೆ ಕಾರಣವಾದ ಪ್ರಸಂಗವನ್ನು ಚಕ್ರವರ್ತಿ ಅದರಲ್ಲಿಯೇ ಹೇಳಿದ್ದಾನೆ. ಅಕ್ಷರ ಬಾರದ ಒಬ್ಬ ಹೆಂಗಸಿನ ಹೆಸರಿನಲ್ಲಿ ಒಂದು ಪತ್ರ ಹುಟ್ಟಿಕೊಂಡಿತು. ಅದರಲ್ಲಿರುವುದು ತಾನು ಹೇಳಿದ್ದಲ್ಲವೆಂದು ಅವಳೆಂದಳು. ಟಬೆಲಿಯೋನನ್ನು ಕರೆಸಿ ಕೇಳಿದರೆ, ಕೊನೆಯ ಅಕ್ಷರಗಳು ತನ್ನವೇ, ಆದರೆ ನಡುವೆ ನಡೆದದ್ದು ತನಗೆ ತಿಳಿಯದು, ಕೆಲಸವನ್ನು ಬೇರೊಬ್ಬನಿಗೆ ಒಪ್ಪಿಸಿದ್ದೆ ಎಂದನಂತೆ! ಇದರ ಫಲವಾಗಿ, ಪತ್ರ ಬರೆಯಿಸುವವರು ಬಂದಾಗಲೂ ಅದು ಪೂರ್ತಿಯಾಗುವಾಗಲೂ ಟಬೆಲಿಯೋ ತಾನೇ ಎದುರಿಗಿರಬೇಕು, ಗುಮಾಸ್ತನ ಕೈಗೆ ಬಿಡಕೂಡದು ಎಂದು ವಿಧಿಯಾಯಿತು. ಓದು ಬಾರದವಳಿಗೆ ತನ್ನ ಪತ್ರದಲ್ಲಿ ಏನಿದೆಯೆಂದು ತಿಳಿಯುವುದಕ್ಕೆ ಎದುರಿಗೆ ಕುಳಿತವನ ಪ್ರಾಮಾಣಿಕತೆಯೊಂದೇ ದಾರಿ. ನೋಟರಿಯ ವೃತ್ತಿಧರ್ಮದ ಮೊದಲ ಪಾಠ ಇದು: ಕಣ್ಣಾರೆ ಕಾಣದೆ ಮೊಹರು ಒತ್ತಬಾರದು.

ಹನ್ನೆರಡನೆಯ ಶತಮಾನದ ಇಟಲಿಯಲ್ಲಿ ಈ ವೃತ್ತಿಗೆ ಹೊಸ ಕಳೆ ಬಂದಿತು. ಜಿನೋವಾ ರೇವುಪಟ್ಟಣದ ಜೊವಾನ್ನಿ ಎಂಬ ಬರಹಗಾರನ ದಾಖಲೆಪುಸ್ತಕ ಈಗಲೂ ಉಳಿದಿದೆ. 1154ರಿಂದ 1164ರವರೆಗಿನ ಆ ಕಡತವೇ ಇಂದಿಗೆ ಉಳಿದಿರುವ ಅತ್ಯಂತ ಹಳೆಯ ನೋಟರಿ ಪುಸ್ತಕವೆಂದು ಹೇಳುತ್ತಾರೆ. ಬೆನ್ ಯಿಜು ಮಂಗಳೂರನ್ನು ಬಿಟ್ಟು ಐದು ವರ್ಷಕ್ಕೆ ಅದು ಆರಂಭವಾಗುತ್ತದೆ ಎಂಬುದು ಗಮನಾರ್ಹ. ಅಲೆಕ್ಸಾಂಡ್ರಿಯಕ್ಕೆ, ಸಿರಿಯಕ್ಕೆ ಹಡಗು ಹತ್ತುವ ವರ್ತಕರು ಮನೆಯಲ್ಲಿ ಉಳಿದವರಿಂದ ಹಣ ಪಡೆದು, ಲಾಭವನ್ನು ಹೀಗೆ ಹಂಚಿಕೊಳ್ಳುತ್ತೇವೆಂದು ಮಾಡಿಕೊಂಡ ಕರಾರುಗಳು ಅದರಲ್ಲಿ ತುಂಬಿವೆ. ಹೋದವನು ತಿರುಗಿ ಬರುವನೋ ಇಲ್ಲವೋ, ಬರೆದದ್ದು ನೋಟರಿಯ ಪುಸ್ತಕದಲ್ಲಿ ಭದ್ರ. ಮುಂದಿನ ಶತಮಾನದಲ್ಲಿ ಬೊಲೋನ್ಯದ ರೋಲಾಂಡಿನೋ ಎಂಬ ಪಂಡಿತನು ಈ ಕಲೆಗೆ ಶಾಸ್ತ್ರಗ್ರಂಥವನ್ನೇ ಬರೆದನು. ಯುರೋಪಿನ ನೋಟರಿಗಳು ಬಹುಕಾಲ ಅದನ್ನು ಆಶ್ರಯಿಸಿದರು.

ಕ್ಯಾಂಟರ್ಬರಿಯಿಂದ ದೆಹಲಿಗೆ

ಇಂಗ್ಲೆಂಡಿನಲ್ಲಿ ನೋಟರಿಗಳಿಗೆ ಅಧಿಕಾರ ಬರುತ್ತಿದ್ದದ್ದು ರೋಮಿನ ಪೋಪರಿಂದ. ಎಂಟನೆಯ ಹೆನ್ರಿ ಪೋಪರೊಡನೆ ಸಂಬಂಧ ಕಡಿದುಕೊಂಡಾಗ ನೋಟರಿಗಳನ್ನು ನೇಮಿಸುವವರು ಯಾರು ಎಂಬ ಪ್ರಶ್ನೆಯೂ ಎದ್ದಿತು. 1533ರ ಒಂದು ಶಾಸನದ ಮೂಲಕ ಆ ಅಧಿಕಾರವನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ವಹಿಸಲಾಯಿತು. ಅವರ ಪರವಾಗಿ 'ಮಾಸ್ಟರ್ ಆಫ್ ದಿ ಫ್ಯಾಕಲ್ಟೀಸ್' ಎಂಬ ಅಧಿಕಾರಿ ನೋಟರಿಗಳಿಗೆ ಸನ್ನದು ಕೊಡುತ್ತಿದ್ದನು. ಆ ಕಚೇರಿ ಇಂದಿಗೂ ಇದೆ.

ವಿನೋದವೆಂದರೆ, ಇಂಗ್ಲಿಷರ ಆಳ್ವಿಕೆಯಲ್ಲಿ ಭಾರತದ ನೋಟರಿಗಳಿಗೂ ಸನ್ನದು ಅಲ್ಲಿಂದಲೇ ಬರಬೇಕಾಗಿತ್ತು. ಹುಂಡಿ, ಪ್ರಾಮಿಸರಿ ನೋಟುಗಳ ವ್ಯವಹಾರಕ್ಕೆಂದು ನೋಟರಿಗಳನ್ನು ನೇಮಿಸಲು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಇಲ್ಲಿಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಅದನ್ನು ಬಿಟ್ಟರೆ, ನೋಟರಿಯ ಸಾಮಾನ್ಯ ಕೆಲಸಗಳಿಗೆಲ್ಲ ಕ್ಯಾಂಟರ್ಬರಿಯ ಅಪ್ಪಣೆಯೇ ಆಧಾರ. ಈ ದೇಶದ ಹಿಂದೂ, ಪಾರ್ಸಿ, ಮುಸಲ್ಮಾನ ವರ್ತಕರ ರುಜುವನ್ನು ದೃಢಪಡಿಸುವವನಿಗೆ ಒಬ್ಬ ಕ್ರೈಸ್ತ ಧರ್ಮಗುರುವಿನ ಕಚೇರಿಯಿಂದ ಅಧಿಕಾರ ಬರುತ್ತಿತ್ತು! ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಇದೇ ಸ್ಥಿತಿ. 1952ರಲ್ಲಿ ನಮ್ಮದೇ ನೋಟರಿ ಕಾಯಿದೆಯಾಗಿ 1956ರಲ್ಲಿ ಅದು ಜಾರಿಗೆ ಬಂದ ಮೇಲೆ ಈ ದೂರದ ನಂಟು ಕಳಚಿತು. ಅಂದಿನಿಂದ ಅನುಭವಿಗಳಾದ ವಕೀಲರನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ ನೇಮಿಸುತ್ತ ಬಂದಿವೆ.

ಹೊರದೇಶದಲ್ಲಿರುವ ಭಾರತೀಯರ ಅನುಕೂಲಕ್ಕೆ ಅದಕ್ಕೂ ಮೊದಲೇ ಒಂದು ಕಾಯಿದೆ ಬಂದಿತ್ತು. 1948ರ ಆ ಕಾಯಿದೆಯ ಪ್ರಕಾರ ನಮ್ಮ ರಾಯಭಾರ ಕಚೇರಿಯ ಅಧಿಕಾರಿಯೂ ಕಾನ್ಸಲನೂ ಪ್ರಮಾಣವಚನ ಬೋಧಿಸಬಹುದು, ನೋಟರಿ ಮಾಡುವ ಕೆಲಸಗಳನ್ನು ಮಾಡಬಹುದು. ಅಲ್ಲಿಂದೀಚೆಗೆ ಲಂಡನ್ನಿನಲ್ಲಾಗಲಿ ನೈರೋಬಿಯಲ್ಲಾಗಲಿ ಇರುವ ಕನ್ನಡಿಗನು ತನ್ನ ಸರ್ಕಾರದ ಅಧಿಕಾರಿಯ ಎದುರಿಗೇ ರುಜು ಮಾಡುವುದು ಸಾಧ್ಯವಾಯಿತು.

ಆ ಕಾಗದ ಇಲ್ಲಿಗೆ ಬಂದ ಮೇಲೆ ಇಲ್ಲಿಯ ವಿಧಿಗಳನ್ನು ಎದುರಿಸಬೇಕು. ಹಿಂದಿನವರು ಮುಖ್ತಾರ್‌ನಾಮೆ ಎನ್ನುತ್ತಿದ್ದ, ಈಗ ಎಲ್ಲರೂ ಪವರ್ ಆಫ್ ಅಟಾರ್ನಿ ಎನ್ನುವ ಅಧಿಕಾರಪತ್ರವನ್ನೇ ತೆಗೆದುಕೊಳ್ಳೋಣ. ಪತ್ರ ಕೊಡುವವನು ಹೊರದೇಶದಲ್ಲಿದ್ದರೆ ಅದು ನೋಟರಿ, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್, ಭಾರತದ ಕಾನ್ಸಲ್ ಮೊದಲಾದವರ ಎದುರಿಗೆ ಆಗಿ ಅವರಿಂದ ದೃಢಪಟ್ಟಿರಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಛಾಪಾ ಶುಲ್ಕ ಸಲ್ಲಬೇಕೆಂದು 1957ರ ನಮ್ಮ ರಾಜ್ಯದ ಕಾಯಿದೆ ಹೇಳುತ್ತದೆ. ಕೊಟ್ಟವನು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಅವನೊಂದಿಗೆ ತೀರುತ್ತದೆ. ಇನ್ನು ಕ್ರಯಪತ್ರದ ಬದಲು ಬರಿಯ ಅಧಿಕಾರಪತ್ರ ಬರೆಯಿಸಿಕೊಂಡು ನಿವೇಶನ ತನ್ನದಾಯಿತೆಂದು ತಿಳಿಯುವವರಿಗೆ, ಹಾಗೆ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಖಚಿತವಾಗಿ ಹೇಳಿದೆ. ಅಧಿಕಾರಪತ್ರ ಪಡೆದವನು ಒಡೆಯನ ಪ್ರತಿನಿಧಿ, ಅವನೇ ಒಡೆಯನಲ್ಲ.

ಸಾನ್ ಫ್ರಾನ್ಸಿಸ್ಕೋದಲ್ಲಿ ಬಿಟ್ಟುಹೋದ ಮಾತು

1971ರ ಕಾನೂನು ವರದಿಗಳಲ್ಲಿ ಅಚ್ಚಾದ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಈ ವಿಷಯದಲ್ಲಿ ಬಹು ಮುಖ್ಯವಾದದ್ದು. ಅಮೆರಿಕದಲ್ಲಿದ್ದ ಒಬ್ಬ ಭಾರತೀಯನು ಇಲ್ಲಿಯ ಆಸ್ತಿಯನ್ನು ಮಾರಲು ಸಾನ್ ಫ್ರಾನ್ಸಿಸ್ಕೋದ ನೋಟರಿಯೊಬ್ಬನ ಮುಂದೆ ಅಧಿಕಾರಪತ್ರ ಮಾಡಿಕೊಟ್ಟನು. ರುಜು ಇತ್ತು, ಮೊಹರಿತ್ತು. ಆದರೆ ರುಜು ಮಾಡಿದವನು ಇಂಥವನೇ ಎಂದು ತನಗೆ ಮನವರಿಕೆಯಾಗಿದೆ ಎಂಬ ಮಾತನ್ನು ನೋಟರಿ ಬರೆದಿರಲಿಲ್ಲ. ಆಮೇಲೆ ಆ ಮಾತನ್ನು ಸೇರಿಸಿ ಎರಡನೆಯ ಪತ್ರವಾಯಿತು. ಮೊದಲನೆಯ ಪತ್ರ ದೋಷಯುಕ್ತವೆಂದೂ ಎರಡನೆಯದರಿಂದ ಆ ದೋಷ ತೀರಿತೆಂದೂ ನ್ಯಾಯಾಲಯ ತೀರ್ಮಾನಿಸಿತು. ನಮ್ಮ ಕಾಯಿದೆಗಳಲ್ಲಿ ನೋಟರಿ ಎಂದು ಇರುವ ಕಡೆ ಭಾರತದ ನೋಟರಿ ಮಾತ್ರ ಎಂದು ತಿಳಿಯಬೇಕಾಗಿಲ್ಲ, ಹೊರದೇಶದ ನೋಟರಿಯೂ ಅದರಲ್ಲಿ ಸೇರುತ್ತಾನೆ ಎಂದೂ ಹೇಳಿತು.

ಈ ತೀರ್ಪನ್ನು ಓದುವಾಗ ಜಸ್ಟಿನಿಯನ್ನನ ಶಾಸನ ನೆನಪಿಗೆ ಬಾರದಿರದು. ಎರಡು ಕಡೆಯಲ್ಲಿಯೂ ಮೊಹರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು 'ನಾನು ನೋಡಿದೆ, ನಾನು ಬಲ್ಲೆ' ಎಂಬ ಒಂದು ಮಾತಿಗೆ. ಅದೊಂದು ಇಲ್ಲದಿದ್ದರೆ ಹದಿನಾಲ್ಕು ಶತಮಾನಗಳ ಹಿಂದೆಯೂ ಪತ್ರ ನಿಲ್ಲುತ್ತಿರಲಿಲ್ಲ, ಈಗಲೂ ನಿಲ್ಲುವುದಿಲ್ಲ.

ಹೇಗ್ ನಗರದ ಚೌಕ

ನೋಟರಿ ಮನುಷ್ಯನನ್ನು ಬಲ್ಲ, ಸರಿ. ಆ ನೋಟರಿಯನ್ನು ಬಲ್ಲವರು ಯಾರು? ದೂರದ ಕಾಗದದ ನಿಜವಾದ ತೊಡಕು ಇಲ್ಲಿದೆ. ಹಿಂದೆ ಅಮೆರಿಕದ ನೋಟರಿಯ ರುಜುವನ್ನು ಅವನ ಜಿಲ್ಲೆಯ ಅಧಿಕಾರಿ ದೃಢಪಡಿಸಬೇಕು. ಅವನ ರುಜುವನ್ನು ಸಂಸ್ಥಾನದ ಕಾರ್ಯದರ್ಶಿ. ಅವರದನ್ನು ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆ. ಅದನ್ನು ಬೇರೆ ದೇಶದ ಕಾನ್ಸಲ್. ತಾತನಿಗೆ ಮುತ್ತಾತ ಸಾಕ್ಷಿ ಹೇಳಿದಂತೆ ಈ ಸರಪಳಿ ಬೆಳೆಯುತ್ತಿತ್ತು. ಪ್ರತಿಯೊಂದು ಕೊಂಡಿಗೂ ಶುಲ್ಕ, ಪ್ರತಿಯೊಂದು ಕೊಂಡಿಗೂ ಕಾಯುವ ಕಾಲ.

ಈ ಸರಪಳಿಯನ್ನು ಮೊಟಕು ಮಾಡಿದ್ದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದ. 1965ರ ಜನವರಿಯಲ್ಲಿ ಅದು ಜಾರಿಗೆ ಬಂತು. ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಒಂದೇ ಒಂದು ಪ್ರಮಾಣಚೌಕ ಸಾಕು; ಅದೇ ಅಪೊಸ್ಟೀಲ್. ಪ್ರತಿ ಬದಿಯೂ ಕನಿಷ್ಠ 9 ಸೆಂಟಿಮೀಟರ್ ಇರಬೇಕಾದ ಆ ಚೌಕದಲ್ಲಿ ಹತ್ತು ಅಂಶಗಳು: ಯಾವ ದೇಶ, ಯಾರ ರುಜು, ಯಾವ ಹುದ್ದೆಯಲ್ಲಿದ್ದು ಮಾಡಿದ್ದು, ಯಾರ ಮೊಹರು, ಎಲ್ಲಿ, ಎಂದು, ಯಾರು ದೃಢಪಡಿಸಿದ್ದು, ಕ್ರಮಸಂಖ್ಯೆ, ಮುದ್ರೆ, ರುಜು. ತಲೆಬರಹ ಮಾತ್ರ ಯಾವ ದೇಶದಲ್ಲಾದರೂ ಫ್ರೆಂಚಿನಲ್ಲಿಯೇ ಇರತಕ್ಕದ್ದು. 'ಅಪೊಸ್ಟೀಲ್' ಎಂದರೆ ಫ್ರೆಂಚಿನಲ್ಲಿ ಅಂಚಿನ ಟಿಪ್ಪಣಿ. ಅದರ ಮೂಲ ಲ್ಯಾಟಿನ್ನಿನ 'ಆ ಮಾತುಗಳಾದ ಮೇಲೆ' ಎಂಬ ಪದಗುಚ್ಛವೆಂದೂ, ಹಿಂದೆ ಧರ್ಮಗ್ರಂಥಗಳಿಗೆ ಬರೆಯುತ್ತಿದ್ದ ಟೀಕೆಗೆ ಆ ಹೆಸರಿತ್ತೆಂದೂ ಹೇಳುತ್ತಾರೆ. ನಮ್ಮ ಓಲೆಗರಿಗಳಲ್ಲಿಯೂ ಮೂಲದ ಜೊತೆಗೆ ಟೀಕು ಬರೆಯುತ್ತಿದ್ದರಷ್ಟೆ. ಅದನ್ನು ಬಲ್ಲ ಕನ್ನಡಿಗನಿಗೆ ಈ ಹೆಸರು ಪರಕೀಯವೆನಿಸಲಾರದು.

ಭಾರತ 2004ರಲ್ಲಿ ಈ ಒಪ್ಪಂದವನ್ನು ಒಪ್ಪಿತು. 2005ರ ಜುಲೈ 14ರಿಂದ ಅದು ನಮಗೆ ಅನ್ವಯವಾಯಿತು. ಇಲ್ಲಿಯ ಪದವಿಪತ್ರವನ್ನು ರಾಜ್ಯದ ಶಿಕ್ಷಣಾಧಿಕಾರಿಗಳೂ ಜನನ, ವಿವಾಹ ಮೊದಲಾದವುಗಳ ಪತ್ರವನ್ನು ಗೃಹ ಇಲಾಖೆಯೂ ನೋಡಿದ ಮೇಲೆ ವಿದೇಶಾಂಗ ಮಂತ್ರಾಲಯ ಆ ಚೌಕವನ್ನು ಅಂಟಿಸುತ್ತದೆ. ಒಮಾನ್ 2012ರಲ್ಲಿಯೂ ಸೌದಿ ಅರೇಬಿಯ 2022ರಲ್ಲಿಯೂ ಒಪ್ಪಂದದ ವ್ಯಾಪ್ತಿಗೆ ಬಂದದ್ದರಿಂದ ನಮ್ಮ ಕರಾವಳಿಯಿಂದ ಅತ್ತ ಹೋಗುವವರಿಗೆ ಒಂದು ಬಾಗಿಲು ಕಡಿಮೆಯಾಯಿತು. 2023ರಲ್ಲಿ ಚೀನ, 2024ರಲ್ಲಿ ಕೆನಡ ಸೇರಿದವು. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಆದರೆ ನಂಬಿಕೆಯನ್ನು ಒಪ್ಪಂದದ ಬಲದಿಂದ ಎಲ್ಲರ ಮೇಲೂ ಹೇರಲಾಗುವುದಿಲ್ಲ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿತು. ಅದರಿಂದ ಆ ಎರಡು ದೇಶಗಳ ನಡುವೆ ಒಪ್ಪಂದ ಜಾರಿಗೆ ಬರಲಿಲ್ಲ.

ಈ ಚೌಕ ಹೇಳುವುದಾದರೂ ಏನು? ಬಹಳ ಜನ ತಿಳಿದಂತೆ ಪತ್ರದಲ್ಲಿ ಬರೆದದ್ದು ನಿಜವೆಂದು ಅದು ಹೇಳುವುದಿಲ್ಲ. ರುಜು ಇಂಥ ಅಧಿಕಾರಿಯದು, ಅವನು ಇಂಥ ಹುದ್ದೆಯಲ್ಲಿದ್ದನು, ಮೊಹರು ಅವನದೇ ಎಂದು ಮಾತ್ರ ಹೇಳುತ್ತದೆ. ಮೇಲಿನ ಮೊಹರು ಕೆಳಗಿನ ಮೊಹರಿಗೆ ಸಾಕ್ಷಿ, ಕಾಗದದೊಳಗಿನ ಮಾತಿಗಲ್ಲ. ಸುಳ್ಳನ್ನು ಸರಿಯಾದ ಕ್ರಮದಲ್ಲಿ ಬರೆಯಿಸಿದರೆ ಅದರ ಮೇಲೂ ಈ ಚೌಕ ಅಂದವಾಗಿ ಕುಳಿತುಕೊಳ್ಳುತ್ತದೆ. ಹೀಗಾಗಿ ಎಷ್ಟು ಮೊಹರು ಬಿದ್ದರೂ ಭಾರವನ್ನೆಲ್ಲ ಹೊರುವವನು ಬುಡದಲ್ಲಿರುವವನು: ರುಜು ಮಾಡುವವನನ್ನು ಕಣ್ಣಿಂದ ಕಂಡ ಮೊದಲನೆಯ ಮನುಷ್ಯ. ಅವನು ಬೆಂಗಳೂರಿನ ಕೋರ್ಟಿನ ಆವರಣದಲ್ಲಿ ಮೇಜು ಹಾಕಿಕೊಂಡ ನೋಟರಿಯಿರಬಹುದು, ಸಿಡ್ನಿಯ ಕಾನ್ಸಲ್ ಕಚೇರಿಯ ಗುಮಾಸ್ತನಿರಬಹುದು. ಎದುರಿಗೆ ಬಾರದವನ ಕಾಗದಕ್ಕೆ, ಇನ್ನೊಬ್ಬರು ತಂದುಕೊಟ್ಟರೆಂದು, ತಲೆಯೆತ್ತದೆ ಮೊಹರು ಒತ್ತುವವನು ತಾನು ಮಾಡುತ್ತಿರುವುದು ಸಣ್ಣ ಉಪಕಾರವೆಂದು ಭಾವಿಸಬಹುದು. ಆದರೆ ಅವನ ಮೇಲೆ ಕಟ್ಟಿದ ಗೋಪುರವೆಲ್ಲ ಆ ಕ್ಷಣದಲ್ಲಿಯೇ ಟೊಳ್ಳಾಗುತ್ತದೆ. ಅದರ ನಷ್ಟ ಬೀಳುವುದು ಎಲ್ಲೋ ದೂರದಲ್ಲಿ ಕುಳಿತು, ತನ್ನ ಪಾಲಿನ ಮನೆ ಯಾರದೋ ಹೆಸರಿಗೆ ಹೋಯಿತೆಂದು ವರ್ಷದ ಮೇಲೆ ತಿಳಿಯುವವನ ತಲೆಯ ಮೇಲೆ.

ಈಗ ಈ ವ್ಯವಹಾರಕ್ಕೂ ಯಂತ್ರಗಳು ಬಂದಿವೆ. ಅಮೆರಿಕದ ವರ್ಜೀನಿಯ ಸಂಸ್ಥಾನ 2012ರಿಂದ, ತೆರೆಯ ಮೇಲೆ ಮುಖ ನೋಡಿ ನೋಟರಿ ದೃಢಪಡಿಸುವುದಕ್ಕೆ ಅವಕಾಶ ಕೊಟ್ಟಿತು. 2014ರಿಂದ ನಮ್ಮ ಪಿಂಚಣಿದಾರರು ಬದುಕಿದ್ದೇವೆಂದು ಬೆರಳಗುರುತಿನಿಂದ ತಿಳಿಸುವ ಏರ್ಪಾಡಾಯಿತು. ಅನುಕೂಲ ದೊಡ್ಡದೇ. ಆದರೆ ತೆರೆಯ ಮೇಲಾಗಲಿ ಎದುರಿಗಾಗಲಿ, ನೋಡಬೇಕಾದವನು ನಿಜವಾಗಿ ನೋಡಿದನೇ ಎಂಬ ಹಳೆಯ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.

ಹೇಗ್ ಒಪ್ಪಂದದ ಐದನೆಯ ವಿಧಿಯ ಕೊನೆಯಲ್ಲಿ ಒಂದು ಚಿಕ್ಕ ಮಾತಿದೆ. ಅಪೊಸ್ಟೀಲ್ ಚೌಕದ ಮೇಲಿನ ರುಜುವಿಗೆ, ಮುದ್ರೆಗೆ ಮತ್ತೆ ಯಾರ ದೃಢೀಕರಣವೂ ಬೇಕಾಗಿಲ್ಲ ಎಂದು ಅದರ ತಾತ್ಪರ್ಯ. ಎಲ್ಲಿಯಾದರೂ ಒಂದು ಕಡೆ ಸರಪಳಿ ನಿಲ್ಲಲೇಬೇಕು. ಇಲ್ಲಿ ನಿಲ್ಲಲಿ ಎಂದು ದೇಶಗಳು ಕೂಡಿ ಒಪ್ಪಿವೆ. ಆ ಕೊನೆಯ ರುಜುವಿಗೆ ಸಾಕ್ಷಿಯಿಲ್ಲ. ಕಾಗದಗಳನ್ನು ಪೇರಿಸಿ ಪೇರಿಸಿ ನಾವು ಮುಟ್ಟುವುದು ಕೊನೆಗೆ ಕಾಗದವಲ್ಲದ ಒಂದು ವಸ್ತುವನ್ನು, ನಂಬಿಕೆಯನ್ನು. ತಾಮ್ರದ ಹಲಗೆಯ ಅಂಚಿನಲ್ಲಿ ತನ್ನ ಹೆಸರನ್ನು ಬಿಟ್ಟು 'ಶ್ರೀ ವಿರೂಪಾಕ್ಷ' ಎಂದು ಒಪ್ಪ ಹಾಕಿಸಿ, ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದ ಅರಸನಿಗೂ ಈ ಸಂಗತಿ ತಿಳಿದಿತ್ತು.